ತಕ್ಕಡಿಯ ಮುಳ್ಳು, ಗಣಕದ ಮುಖ

ಕಡೂರಿನ ಪೇಟೆಯಲ್ಲಿ ಬಹುಕಾಲ ಕೊಬ್ಬರಿ ವ್ಯಾಪಾರ ನಡೆಸಿದ ಹಿರಿಯರೊಬ್ಬರ ಅಂಗಡಿಯಲ್ಲಿ ಹಳೆಯ ತೂಗುತಕ್ಕಡಿಯೊಂದು ಇಂದಿಗೂ ತೊಲೆಯಿಂದ ಇಳಿಬಿದ್ದಿದೆ. ಈಗ ಅದರಲ್ಲಿ ಯಾರೂ ತೂಗುವುದಿಲ್ಲ. ಅಂಕಿಗಳು ಬೆಳಗುವ ವಿದ್ಯುನ್ಮಾನ ತಕ್ಕಡಿ ಬಂದು ಎಷ್ಟೋ ವರ್ಷಗಳಾದವು. ಆದರೆ ಅದನ್ನು ನೇತುಹಾಕಿರುವ ಜಾಗವನ್ನು ಗಮನಿಸಿದವರಿಗೆ ಸಣ್ಣ ಕುತೂಹಲವೊಂದು ಹುಟ್ಟುತ್ತದೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ತೂಗುವವನ ಕೈಗೆ ಅನುಕೂಲವಾಗುವಂತೆ ಅದು ಇಲ್ಲ. ಹೊಸ್ತಿಲಿಗೆ ಸಮೀಪದಲ್ಲಿ, ಹೊರಗೆ ನಿಂತ ರೈತನ ಕಣ್ಣಿನ ಎತ್ತರಕ್ಕೆ ಅದರ ಮುಳ್ಳು ಬರುವಂತೆ ಇದೆ. ಆ ಹಿರಿಯರ ತಂದೆ ಅದನ್ನು ಅಲ್ಲಿ ಹಾಕಿಸಿದ್ದರಂತೆ. ತೂಗುವವನಿಗೆ ಮುಳ್ಳು ಕಾಣದಿದ್ದರೂ ಚಿಂತೆಯಿಲ್ಲ, ತೂಗಿಸಿಕೊಳ್ಳುವವನಿಗೆ ಕಾಣಬೇಕು ಎಂಬುದು ಅವರ ಲೆಕ್ಕ. ತೂಗುವ ಹುಡುಗ ಪ್ರತಿ ಸಲವೂ ಒಳಗಿನಿಂದ ಎದ್ದು ಬರಬೇಕಾಗುತ್ತಿತ್ತು. ಆ ತೊಂದರೆಯನ್ನು ಅಂಗಡಿಯೇ ಹೊತ್ತುಕೊಂಡಿತ್ತು.

ಈ ಹಿರಿಯರ ಮೊಬೈಲಿಗೆ ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಕರೆಯೊಂದು ಬಂತು. ಹೊರ ಊರಿನ ವರ್ತಕನೆಂದು ಹೇಳಿಕೊಂಡವನು ಕೊಬ್ಬರಿಯ ದರ ವಿಚಾರಿಸಿದ, ಚೌಕಾಶಿ ಮಾಡಿದ, ಕೊನೆಗೆ ಒಪ್ಪಿದ. ಮುಂಗಡವಾಗಿ 24,000 ರೂಪಾಯಿ ಕಳುಹಿಸುವುದಾಗಿಯೂ, ಫೋನಿನಲ್ಲಿ ಮೂಡುವ ಸಂದೇಶಕ್ಕೆ ಒಪ್ಪಿಗೆ ಕೊಟ್ಟು ಗುಪ್ತ ಸಂಖ್ಯೆಯನ್ನು ಒತ್ತಿದರೆ ಹಣ ಜಮೆಯಾಗುವುದೆಂದೂ ತಿಳಿಸಿದ. ಸಂದೇಶ ಮೂಡಿತು. ಅದರಲ್ಲಿ 24,000 ಎಂಬ ಅಂಕಿ ದೊಡ್ಡದಾಗಿತ್ತು. ಒಪ್ಪಿಗೆಯ ಗುಂಡಿ ಅದಕ್ಕಿಂತ ದೊಡ್ಡದಾಗಿತ್ತು. ಸಂಖ್ಯೆಯನ್ನು ಒತ್ತಿದರು. ಹಣ ಬರಲಿಲ್ಲ, ಇದ್ದ ಹಣವೇ ಹೋಯಿತು.

ಸಂಜೆ ಅಂಗಡಿಗೆ ಬಂದ ಮಗ, "ಓದಿ ನೋಡದೆ ಯಾಕಪ್ಪಾ ಒತ್ತಿದ್ರಿ?" ಎಂದ. ಅವರು ಬಹಳ ಹೊತ್ತು ಸುಮ್ಮನಿದ್ದು, "ಓದಿದೆ. ಕೊಡೋದಕ್ಕೂ ತಗೊಳ್ಳೋದಕ್ಕೂ ಒಂದೇ ಥರ ಇತ್ತು" ಎಂದರು. ಅನಂತರ ಎರಡು ತಿಂಗಳು ಅವರು ಆ ಫೋನಿನಿಂದ ಯಾರಿಗೂ ಹಣ ಕೊಡಲಿಲ್ಲ. ಹಾಲಿನವನ ಬಾಕಿಯನ್ನೂ ಮೊಮ್ಮಗಳ ಕೈಯಿಂದ ಕೊಡಿಸಿದರು. ನಲವತ್ತು ವರ್ಷ ಕಿರ್ದಿ ಬರೆದು ಒಂದು ರೂಪಾಯಿಯ ವ್ಯತ್ಯಾಸಕ್ಕೂ ರಾತ್ರಿ ಎದ್ದು ಕುಳಿತವರಿಗೆ ಹೋದ ಹಣಕ್ಕಿಂತ, ತಾನು ಓದು ಬಾರದವನಂತೆ ಕಂಡೆನಲ್ಲ ಎಂಬ ಸಂಕೋಚವೇ ಹೆಚ್ಚು ನೋವು ಕೊಟ್ಟಿತು.

ಯಂತ್ರದ ಮುಂದೆ ಮನುಷ್ಯ ತಪ್ಪಿದಾಗ ತಪ್ಪು ಯಾರದು ಎಂಬ ಪ್ರಶ್ನೆಯನ್ನು ಈ ಘಟನೆಯಿಂದಲೇ ಆರಂಭಿಸುವುದು ಉಚಿತ. ಮೋಸಗಾರನದು ಮೊದಲ ತಪ್ಪು, ಅದರಲ್ಲಿ ಸಂದೇಹವಿಲ್ಲ. ಆದರೆ ಮೋಸಗಾರನಿಗೆ ಆ ಬಾಗಿಲು ತೆರೆದಿದ್ದು ಹೇಗೆ? ಅಮೆರಿಕದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ನಾರ್ಮನ್ 1988ರಲ್ಲಿ ನಿತ್ಯಬಳಕೆಯ ವಸ್ತುಗಳ ಕುರಿತು ಒಂದು ಪುಸ್ತಕ ಬರೆದರು. ಬಾಗಿಲಿನ ಮುಂದೆ ನಿಂತವನಿಗೆ ಅದನ್ನು ತಳ್ಳಬೇಕೋ ಎಳೆಯಬೇಕೋ ತಿಳಿಯದಿದ್ದರೆ ಅದು ನಿಂತವನ ದಡ್ಡತನವಲ್ಲ, ಬಾಗಿಲು ಮಾಡಿದವನ ದೋಷ ಎಂಬುದು ಅದರ ವಾದಗಳಲ್ಲೊಂದು. ಗಣಕಯಂತ್ರಗಳ ವಿಷಯದಲ್ಲಿ ಇದು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಯಂತ್ರದ ಒಡಲಲ್ಲಿ ಏನು ನಡೆಯುತ್ತಿದೆಯೆಂಬುದು ಯಾರಿಗೂ ಕಾಣಿಸದು. ಕಾಣುವುದು ಅದರ ಮುಖ ಮಾತ್ರ. ಪರದೆ, ಗುಂಡಿ, ಅಕ್ಷರ, ಬಣ್ಣ, ಸದ್ದು ಇವೆಲ್ಲ ಸೇರಿದ ಆ ಮುಖವನ್ನೇ ತಜ್ಞರು ಇಂಟರ್‌ಫೇಸ್ ಎನ್ನುತ್ತಾರೆ. ಬಳಸುವವನ ಪಾಲಿಗೆ ಆ ಮುಖವೇ ಯಂತ್ರ.

ಕಿರ್ದಿ ಬಲ್ಲವರಿಗೆ ಈ ತತ್ತ್ವ ಹೊಸದೇನಲ್ಲ. ಜಮೆ ಎಡಕ್ಕೆ, ಖರ್ಚು ಬಲಕ್ಕೆ. ಪುಟ ತೆರೆದೊಡನೆ ಒಂದು ಅಕ್ಷರವನ್ನೂ ಓದದೆ, ಅಂಕಿ ಯಾವ ಬದಿಯಲ್ಲಿದೆ ಎಂಬುದರಿಂದಲೇ ಹಣ ಬಂತೋ ಹೋಯಿತೋ ತಿಳಿಯುತ್ತದೆ. ಪರಸ್ಪರ ವಿರುದ್ಧವಾದ ಎರಡು ಕಾರ್ಯಗಳಿಗೆ ಎರಡು ಬೇರೆ ಜಾಗ, ಎರಡು ಬೇರೆ ರೂಪ ಇರಬೇಕೆಂಬ ಈ ವಿವೇಕವನ್ನು ಶತಮಾನಗಳ ಲೆಕ್ಕಿಗರು ಕಂಡುಕೊಂಡಿದ್ದರು. 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆ ಅನೇಕ ರೀತಿಯಲ್ಲಿ ಅದ್ಭುತವಾದುದು. ಆದರೆ ಹಣ ಕೇಳುವವನ ಕೋರಿಕೆಗೆ ಒಪ್ಪಿಗೆ ಕೊಡುವ ಅದರ ಸೌಲಭ್ಯದಲ್ಲಿ ಈ ವಿವೇಕ ಸಡಿಲವಾಗಿತ್ತು. ಹಣ ಪಡೆಯಲು ಗುಪ್ತ ಸಂಖ್ಯೆ ಬೇಡವೇ ಬೇಡ ಎಂದು ಬ್ಯಾಂಕುಗಳು ಮತ್ತೆ ಮತ್ತೆ ಸಾರಿದವು. ಸಾರಬೇಕಾಗಿ ಬಂದುದೇ ಮುಖ ಸರಿಯಿಲ್ಲವೆಂಬುದಕ್ಕೆ ಸಾಕ್ಷಿ. ಬಾಗಿಲು ಸರಿಯಿದ್ದರೆ ಅದರ ಮೇಲೆ ಫಲಕ ಬೇಕಾಗದು. ಕೊನೆಗೆ ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೋರುವ ಆ ಸೌಲಭ್ಯವನ್ನೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸುವಂತೆ ಸೂಚಿಸಿತು. ಕಡೂರಿನ ಹಿರಿಯರಿಗೆ ಈ ಸುದ್ದಿಯನ್ನು ಮಗನೇ ಓದಿ ಹೇಳಿದ. ಅವರು ಏನೂ ಹೇಳಲಿಲ್ಲ.

ಯಂತ್ರದ ಮುಖವು ಯಾರ ಜೀವನವನ್ನು ಹೋಲುತ್ತದೆ ಎಂಬುದೂ ವಿಚಾರಾರ್ಹ. 1981ರಲ್ಲಿ ಝೆರಾಕ್ಸ್ ಸಂಸ್ಥೆ 'ಸ್ಟಾರ್' ಎಂಬ ಗಣಕವನ್ನೂ, 1984ರಲ್ಲಿ ಆಪಲ್ ಸಂಸ್ಥೆ 'ಮ್ಯಾಕಿಂಟಾಷ್' ಎಂಬುದನ್ನೂ ಮಾರುಕಟ್ಟೆಗೆ ತಂದವು. ಪರದೆಯನ್ನು ಮೇಜಿನಂತೆ ಭಾವಿಸಿ ಅದರ ಮೇಲೆ ಕಾಗದ, ಕಡತ, ಕಸದ ಬುಟ್ಟಿ ಇತ್ಯಾದಿ ಚಿತ್ರಗಳನ್ನು ಇರಿಸುವ ಕ್ರಮ ಇವುಗಳಿಂದ ಜನಪ್ರಿಯವಾಯಿತು. ಅಮೆರಿಕದ ಕಚೇರಿಯಲ್ಲಿ ಕೂರುವವನಿಗೆ ಅದು ಸಹಜ. ಗಾದಿಯ ಮೇಲೆ ಕುಳಿತು, ಮುಂದೆ ಇಳಿಜಾರಾದ ಡೆಸ್ಕಿನ ಮೇಲೆ ಖಾತೆ ಪುಸ್ತಕವಿಟ್ಟು ಬರೆದವರಿಗೆ ಆ ಚಿತ್ರಗಳು ಪರವೂರಿನವು. ಅವರು ಕಲಿಯಲಾರರೆಂದಲ್ಲ. ಆದರೆ ಒಬ್ಬನಿಗೆ ನೆನಪಾಗಿ ಬರುವುದು ಇನ್ನೊಬ್ಬನಿಗೆ ಪಾಠವಾಗಿ ಬರುತ್ತದೆ, ಮತ್ತು ಆ ಪಾಠದ ಶ್ರಮವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದಕ್ಕೆ ಪ್ರತಿಯಾದ ಉದಾಹರಣೆ ಬೆಂಗಳೂರಿನಲ್ಲೇ ಹುಟ್ಟಿತು. ಕಾರ್ಖಾನೆಗಳಿಗೂ ಜವಳಿ ಗಿರಣಿಗಳಿಗೂ ಸಾಮಗ್ರಿ ಸರಬರಾಜು ಮಾಡುತ್ತಿದ್ದ ಶ್ಯಾಮಸುಂದರ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕಕ್ಕೆ ಒಪ್ಪುವ ತಂತ್ರಾಂಶ ಸಿಗಲಿಲ್ಲ. ಗಣಿತ ಓದಿದ ಮಗ ಭರತ್ ಗೋಯೆಂಕಾಗೆ ಒಂದನ್ನು ಬರೆಯಲು ಹೇಳಿದರು. 1986ರಲ್ಲಿ ಆರಂಭವಾದ ಆ ಉದ್ಯಮವೇ ಮುಂದೆ ಟ್ಯಾಲಿ ಎಂದು ಮನೆಮಾತಾಯಿತು. ಆ ಕಾಲದ ಲೆಕ್ಕದ ತಂತ್ರಾಂಶಗಳಲ್ಲಿ ಪ್ರತಿ ಖಾತೆಗೂ ಒಂದು ಸಂಕೇತ ಸಂಖ್ಯೆ ಕೊಟ್ಟು, ಅದನ್ನು ನೆನಪಿಟ್ಟು ನಮೂದಿಸಬೇಕಾಗಿತ್ತು. ಟ್ಯಾಲಿ ಆ ಸಂಖ್ಯೆಗಳನ್ನು ಕಿತ್ತುಹಾಕಿತು. ವ್ಯಾಪಾರಿ ತನ್ನ ಗಿರಾಕಿಯನ್ನು ಹೆಸರಿನಿಂದ ಬಲ್ಲ, ಸಂಖ್ಯೆಯಿಂದಲ್ಲ. ಹಾಗಾಗಿ ಎರಡು ಮೂರು ಅಕ್ಷರ ಬರೆದರೆ ಹೆಸರು ತಾನೇ ಮುಂದೆ ಬಂದು ನಿಲ್ಲುವಂತಾಯಿತು. ಯಂತ್ರಕ್ಕೆ ಬೇಕಾದ ಸಂಖ್ಯೆಯನ್ನು ಯಂತ್ರವೇ ಒಳಗೆ ಇಟ್ಟುಕೊಳ್ಳಲಿ, ಮನುಷ್ಯನಿಂದ ಏಕೆ ಕೇಳಬೇಕು?

ತರೀಕೆರೆಯ ಅಡಿಕೆ ಮಂಡಿಯೊಂದರಲ್ಲಿ ಕೆಲಸ ಮಾಡುವ ಗುಮಾಸ್ತನನ್ನು ನೋಡಿದರೆ ಈ ವಿನ್ಯಾಸದ ಇನ್ನೊಂದು ಗುಣ ತಿಳಿಯುತ್ತದೆ. ಅವನ ಕಣ್ಣು ಚೀಟಿಯ ಮೇಲಿರುತ್ತದೆ, ಬೆರಳು ಕೀಲಿಮಣೆಯ ಮೇಲಿರುತ್ತದೆ. ಪಾವತಿಗೆ ಎಫ್5, ಸ್ವೀಕೃತಿಗೆ ಎಫ್6, ಮಾರಾಟಕ್ಕೆ ಎಫ್8, ಖರೀದಿಗೆ ಎಫ್9. ಕೊಡುವುದಕ್ಕೂ ತೆಗೆದುಕೊಳ್ಳುವುದಕ್ಕೂ ಬೇರೆ ಬೇರೆ ಕೀಲಿ ಎಂಬುದನ್ನು ಓದುಗರು ಗಮನಿಸಬಹುದು. 2020ರಲ್ಲಿ ಟ್ಯಾಲಿಪ್ರೈಮ್ ಎಂಬ ಹೊಸ ರೂಪ ಬಂದಾಗ ಪರದೆಯ ಚಹರೆ ಸಾಕಷ್ಟು ಬದಲಾಯಿತು. ಆದರೆ ಈ ಕೀಲಿಗಳು ಬದಲಾಗಲಿಲ್ಲ. ಬೆರಳುಗಳು ವರ್ಷಗಟ್ಟಲೆ ಕಲಿತದ್ದು ಒಂದು ಬಗೆಯ ಆಸ್ತಿ. ಹೊಸತನದ ಹುಮ್ಮಸ್ಸಿನಲ್ಲಿ ಅದನ್ನು ಹಾಳುಮಾಡುವ ತಂತ್ರಾಂಶಗಳು ಎಷ್ಟಿಲ್ಲ! ಅಂಗಡಿಯ ಸಾಮಾನುಗಳನ್ನು ವಾರಕ್ಕೊಮ್ಮೆ ಜಾಗ ಬದಲಿಸಿ ಜೋಡಿಸುವ ವ್ಯಾಪಾರಿಯನ್ನು ಯಾರೂ ಜಾಣನೆನ್ನುವುದಿಲ್ಲ.

ತಪ್ಪನ್ನು ತಿದ್ದಿಕೊಳ್ಳುವ ಅವಕಾಶ ಎಷ್ಟಿರಬೇಕು ಎಂಬುದು ಇದಕ್ಕಿಂತ ಕಠಿಣವಾದ ಪ್ರಶ್ನೆ. ಮಾಡಿದ್ದನ್ನು ರದ್ದುಮಾಡುವ ಸೌಲಭ್ಯ ಗಣಕಯಂತ್ರವು ಮನುಷ್ಯನಿಗೆ ಕೊಟ್ಟ ಶ್ರೇಷ್ಠ ಉಪಕಾರಗಳಲ್ಲೊಂದು. ಭಯವಿಲ್ಲದೆ ಕಲಿಯಲು ಅದರಿಂದ ಸಾಧ್ಯವಾಗುತ್ತದೆ. ಆದರೆ ಲೆಕ್ಕದ ಪುಸ್ತಕದಲ್ಲಿ ತಪ್ಪನ್ನು ಉಜ್ಜಿ ಅಳಿಸುವ ಪದ್ಧತಿ ಎಂದೂ ಇರಲಿಲ್ಲ. ಒಂದು ಗೆರೆ ಎಳೆದು, ಕೆಳಗಿನದು ಓದಲು ಬರುವಂತೆ ಉಳಿಸಿ, ಪಕ್ಕದಲ್ಲಿ ಸರಿಯಾದುದನ್ನು ಬರೆದು ಸಹಿ ಹಾಕುತ್ತಿದ್ದರು. ಗಣಕದ ಲೆಕ್ಕದಲ್ಲಿ ಈ ಗೆರೆ ಬಹುಕಾಲ ಕಾಣೆಯಾಗಿತ್ತು. ಹಳೆಯ ತಾರೀಖಿನ ನಮೂದನ್ನು ಇಂದು ಬದಲಿಸಿದರೂ ಗುರುತು ಉಳಿಯುತ್ತಿರಲಿಲ್ಲ, ಇದರಿಂದ ಅನುಕೂಲ ಪಡೆದವರೂ ಇದ್ದರೆನ್ನಿ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ಬದಲಾವಣೆಯ ದಾಖಲೆಯೂ ಉಳಿಯಲೇಬೇಕೆಂದು ಕೇಂದ್ರ ಸರ್ಕಾರದ ನಿಯಮ ಜಾರಿಗೆ ಬಂತು. ಹಳೆಯ ಗುಮಾಸ್ತರ ಕೆಂಪು ಗೆರೆಯೇ ಮರಳಿ ಬಂದಂತಾಯಿತು.

ಮನುಷ್ಯನ ಮಿತಿಯನ್ನು ಅಳೆದ ವಿದ್ವಾಂಸರೂ ಇದ್ದಾರೆ. ಗುರಿ ದೂರವಾದಷ್ಟೂ ಚಿಕ್ಕದಾದಷ್ಟೂ ಕೈ ಅದನ್ನು ತಲುಪುವುದು ನಿಧಾನವಾಗುತ್ತದೆಂದು ಪಾಲ್ ಫಿಟ್ಸ್ 1954ರಲ್ಲಿ ಸೂತ್ರ ಕೊಟ್ಟರು. ಒಮ್ಮೆಗೆ ಮನಸ್ಸು ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಏಳರ ಆಸುಪಾಸು ಎಂದು ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ಸೂತ್ರಗಳಿಗಿಂತ ಹಣ ಕೊಡುವ ಎಟಿಎಂ ಯಂತ್ರದ ಕಥೆ ಹೆಚ್ಚು ತಿಳಿಸುತ್ತದೆ. ಮೊದಮೊದಲಿನ ಯಂತ್ರಗಳಲ್ಲಿ ಹಣ ಮೊದಲು ಬಂದು ಕಾರ್ಡು ಅನಂತರ ಬರುತ್ತಿತ್ತು. ಜನ ಹಣ ಎಣಿಸಿಕೊಂಡು ಕಾರ್ಡನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಬಂದ ಕೆಲಸ ಮುಗಿದೊಡನೆ ಮನಸ್ಸು ಹೊರಟುಬಿಡುತ್ತದೆ. ಅದಕ್ಕೆ ಉಪದೇಶ ಮಾಡಿ ಫಲವಿಲ್ಲ. ಕಾರ್ಡನ್ನು ಮೊದಲು ಹಿಂದಿರುಗಿಸಿ ಹಣವನ್ನು ಅನಂತರ ಕೊಡುವಂತೆ ಕ್ರಮ ಬದಲಿಸಿದಾಗ ಮರೆವು ತಾನಾಗಿ ಕಡಿಮೆಯಾಯಿತು.

ಕೋಟ್ಯಂತರ ಜನ, ಅದರಲ್ಲೂ ಅಕ್ಷರ ಬಾರದವರು, ಯಾವ ತರಬೇತಿಯೂ ಇಲ್ಲದೆ ಬಳಸುತ್ತಿರುವ ಒಂದು ಯಂತ್ರ ಈ ದೇಶದಲ್ಲಿದೆ. ಅದು ಮತಯಂತ್ರ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಇಸಿಐಎಲ್ ಸಂಸ್ಥೆಗಳು ಅದನ್ನು ತಯಾರಿಸುತ್ತವೆ. 1982ರಲ್ಲಿ ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಅದು ಮೊದಲು ಬಳಕೆಯಾಯಿತು. ಕಾನೂನಿನ ಬೆಂಬಲವಿಲ್ಲವೆಂದು 1984ರಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆಯಿತು. ಅನಂತರ ಕಾನೂನು ತಿದ್ದುಪಡಿಯಾಗಿ, 2004ರ ಲೋಕಸಭಾ ಚುನಾವಣೆಯ ವೇಳೆಗೆ ದೇಶದ ಎಲ್ಲ ಕ್ಷೇತ್ರಗಳಿಗೂ ಹರಡಿತು. ಅದರ ಒಳಗಿನ ವಿದ್ಯುನ್ಮಾನದ ಬಗ್ಗೆ ಹಲವು ವಿವಾದಗಳು ನಡೆದಿವೆ. ಇಲ್ಲಿ ಅದು ಪ್ರಸ್ತುತವಲ್ಲ. ಅದರ ಮುಖವನ್ನು ಮಾತ್ರ ನೋಡೋಣ.

ಮತ ಹಾಕುವವನ ಮುಂದೆ ಇರುವ ಘಟಕದಲ್ಲಿ ಸಾಲಾಗಿ 16 ಹೆಸರುಗಳಿಗೆ ಅವಕಾಶ. ಹೆಸರು, ಚಿಹ್ನೆ, ಅದರ ಪಕ್ಕದಲ್ಲೇ ದೀಪ, ದೀಪದ ಪಕ್ಕದಲ್ಲೇ ನೀಲಿ ಗುಂಡಿ. ಯಾವ ಹೆಸರಿಗೆ ಯಾವ ಗುಂಡಿ ಎಂದು ತಡಕಾಡಬೇಕಾಗಿಲ್ಲ, ಒಂದೇ ಅಡ್ಡಸಾಲಿನಲ್ಲಿ ಕಣ್ಣು ಸಾಗಿದರೆ ಕೈಯೂ ಸಾಗುತ್ತದೆ. ಅಭ್ಯರ್ಥಿಗಳಿಲ್ಲದ ಸಾಲಿನ ಗುಂಡಿಗಳನ್ನು ಮುಚ್ಚಿಬಿಡುತ್ತಾರೆ. ಕೆಲಸವಿಲ್ಲದ ಗುಂಡಿ ಕಣ್ಣಿಗೆ ಬೀಳಕೂಡದು ಎಂಬ ಈ ನಿಯಮವನ್ನು ಪಾಲಿಸಿದ್ದರೆ ಅರ್ಧದಷ್ಟು ಜಾಲತಾಣಗಳು ಹಗುರವಾಗುತ್ತಿದ್ದವು. ಒತ್ತಿದೊಡನೆ ಆ ಸಾಲಿನ ಕೆಂಪು ದೀಪ ಹೊತ್ತಿಕೊಳ್ಳುತ್ತದೆ, ದೀರ್ಘವಾದ ಸದ್ದು ಕೇಳಿಸುತ್ತದೆ. ಕಣ್ಣಿದ್ದವನಿಗೆ ಬೆಳಕು, ಕಣ್ಣು ಕಾಣದವನಿಗೆ ಸದ್ದು; ಗುಂಡಿಗಳ ಪಕ್ಕದಲ್ಲಿ ಬ್ರೈಲ್ ಅಂಕಿಗಳೂ ಇವೆ. ಆ ಸದ್ದು ಹೊರಗೆ ಕುಳಿತ ಅಧಿಕಾರಿಗೂ ಕೆಲಸ ಮುಗಿಯಿತೆಂದು ತಿಳಿಸುತ್ತದೆ. ಎಷ್ಟು ಬಾರಿ ಒತ್ತಿದರೂ ಒಂದೇ ಮತ, ಅಧಿಕಾರಿ ಮತ್ತೆ ಅವಕಾಶ ಕೊಡುವವರೆಗೆ ಗುಂಡಿ ಮೌನವಾಗಿರುತ್ತದೆ. ಅಧಿಕಾರಿಯ ಬಳಿಯ ಘಟಕದಲ್ಲಿ ಮತದಾನ ಮುಕ್ತಾಯದ ಗುಂಡಿಯನ್ನು ಒತ್ತದೆ ಫಲಿತಾಂಶದ ಗುಂಡಿ ಕೆಲಸ ಮಾಡದು. ಮೇಲಾಗಿ ಅದು ಮುದ್ರೆ ಹಾಕಿದ ಮುಚ್ಚಳದ ಅಡಿಯಲ್ಲಿರುತ್ತದೆ. ತಪ್ಪು ಮಾಡಬೇಡಿರೆಂದು ಎಲ್ಲಿಯೂ ಬರೆದಿಲ್ಲ. ತಪ್ಪಾಗುವ ದಾರಿಯನ್ನೇ ಮುಚ್ಚಲಾಗಿದೆ.

ಇಷ್ಟಾದರೂ ಆ ಮುಖದಲ್ಲಿ ಒಂದು ಕೊರತೆ ಉಳಿದಿತ್ತು. ದೀಪ ಹೊತ್ತಿತು ಸರಿ, ಒಳಗೆ ಬರೆದುಕೊಂಡದ್ದೂ ಅದೇ ಹೆಸರೇ ಎಂದು ತಿಳಿಯುವುದು ಹೇಗೆ? 2013ರಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಕ್ಷೇತ್ರದಲ್ಲಿ ಮೊದಲು ಬಳಸಿದ ವಿವಿಪ್ಯಾಟ್ ಯಂತ್ರ ಇದಕ್ಕೆ ಉತ್ತರವಾಗಿ ಬಂತು. ಚಿಹ್ನೆಯುಳ್ಳ ಚೀಟಿ ಗಾಜಿನ ಹಿಂದೆ 7 ಸೆಕೆಂಡು ಕಾಣಿಸಿ ಪೆಟ್ಟಿಗೆಗೆ ಬೀಳುತ್ತದೆ. ತಕ್ಕಡಿಯ ಮುಳ್ಳು ತೂಗಿಸಿಕೊಳ್ಳುವವನ ಕಡೆಗೆ ತಿರುಗಿತು ಎನ್ನಬಹುದು, ಏಳು ಸೆಕೆಂಡಿನ ಮಟ್ಟಿಗೆ.

ಮುಳ್ಳನ್ನು ತಿರುಗಿಸಿದ ಇನ್ನೊಂದು ಪ್ರಯತ್ನ ರೈತರಿಗೆ ಮತಕ್ಕಿಂತಲೂ ಹತ್ತಿರವಾದುದು. ಪಹಣಿಯ ವಿಷಯ ಅದು. ಜಮೀನಿನ ಸರ್ವೆ ನಂಬರು, ವಿಸ್ತೀರ್ಣ, ಒಡೆಯನ ಹೆಸರು, ಋಣಭಾರ, ಬೆಳೆ ಎಲ್ಲವೂ ಆ ಒಂದು ಹಾಳೆಯಲ್ಲಿ ಇರುತ್ತವೆ. ಒಂಬತ್ತನೆಯ ಕಲಂನಲ್ಲಿ ರುದ್ರಪ್ಪ ಎಂಬುದು ರುದ್ರಯ್ಯ ಎಂದಾದರೆ ಸಾಲ ಹುಟ್ಟದು, ಪಾಲು ಆಗದು, ಹೆಣ್ಣುಮಗಳ ಮದುವೆಗೆಂದು ಅರ್ಧ ಎಕರೆ ಮಾರಲೂ ಬಾರದು. 2000ದ ಆಸುಪಾಸಿನವರೆಗೆ ಇವೆಲ್ಲ ಸುಮಾರು 9,000 ಗ್ರಾಮಲೆಕ್ಕಾಧಿಕಾರಿಗಳ ಕೈಬರಹದ ಪುಸ್ತಕಗಳಲ್ಲಿದ್ದವು. ಪುಸ್ತಕ ಯಾರ ಬಳಿ ಇದೆಯೋ ಅವರು ಸಿಕ್ಕಿದಾಗ, ಅವರು ಒಪ್ಪಿದಾಗ ಪ್ರತಿ ಸಿಗುತ್ತಿತ್ತು. ಕರ್ನಾಟಕ ಸರ್ಕಾರದ ಕಂದಾಯ ಇಲಾಖೆ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರದ ತಂತ್ರಾಂಶದೊಂದಿಗೆ, 'ಭೂಮಿ' ಎಂಬ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಸೇರಿಸಿತು. 67 ಲಕ್ಷ ಭೂಮಾಲೀಕರ ದಾಖಲೆಗಳವು. ತಾಲ್ಲೂಕು ಕೇಂದ್ರದ ಕೌಂಟರಿನಲ್ಲಿ ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು, ಅದೂ ಕನ್ನಡದಲ್ಲಿ.

ಈ ಯೋಜನೆಯನ್ನು ಹೊಗಳಿದವರು ವೇಗವನ್ನು ಹೊಗಳಿದರು. ಅದಕ್ಕಿಂತ ಹೆಚ್ಚು ಗಮನಿಸಬೇಕಾದ ಅಂಶಗಳು ಮೂರು ನಾಲ್ಕಿವೆ. ಅಧಿಕಾರಿಗಳು ಗುಪ್ತಪದದ ಬದಲು ಬೆರಳಚ್ಚು ಕೊಟ್ಟು ಯಂತ್ರವನ್ನು ತೆರೆಯಬೇಕಾಗಿತ್ತು. ಯಾರು ಬದಲಿಸಿದರೆಂಬುದು ಅದರಿಂದ ನಿಲ್ಲುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲೇ ವಿಲೇವಾರಿ ಮಾಡಬೇಕಾಗಿತ್ತು. ಹಿಂದಿನದನ್ನು ಬಿಟ್ಟು ಮುಂದಿನದಕ್ಕೆ ಹೋಗಲು ಯಂತ್ರ ಬಿಡುತ್ತಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಕೌಂಟರಿನಲ್ಲಿ ಎರಡನೆಯ ಪರದೆಯೊಂದಿತ್ತು. ಸಿಬ್ಬಂದಿ ಒಳಗೆ ಏನು ಮಾಡುತ್ತಿದ್ದಾರೋ ಅದನ್ನೇ ಹೊರಗೆ ನಿಂತ ರೈತನಿಗೆ ತೋರಿಸುವ ಪರದೆ. ಅದನ್ನು ಇರಿಸಲು ಹೇಳಿದವರು ಕಡೂರಿನ ಅಂಗಡಿಯನ್ನು ಕಂಡಿರಲಾರರು. ಆದರೆ ಅದೇ ಯೋಚನೆ ಅವರಿಗೂ ಬಂದಿದೆ. ತನ್ನ ಹೆಸರು ಬೆಳಕಿನ ಅಕ್ಷರಗಳಲ್ಲಿ ಮೂಡುವುದನ್ನು ಮೊದಲ ಸಲ ನೋಡಿದ ಮುದುಕನಿಗೆ ಅದು ಏನಾಗಿ ಕಂಡಿರಬಹುದು!

ಭೂಮಿಯನ್ನು ಟೀಕಿಸಿದವರೂ ಇದ್ದಾರೆ, ಅವರ ಮಾತನ್ನು ಬದಿಗೊತ್ತುವಂತಿಲ್ಲ. ಊರಿನಲ್ಲಿದ್ದ ಪುಸ್ತಕ ತಾಲ್ಲೂಕಿಗೆ ಹೋದಾಗ ಅದರೊಡನೆ ಊರಿನವರ ತಿಳಿವಳಿಕೆ ಹೋಗಲಿಲ್ಲ. ಬೆಂಗಳೂರಿನ ಸುತ್ತ ದೊಡ್ಡ ಜಮೀನು ಬೇಕಿದ್ದವರಿಗೆ ಒಂದೇ ಕಡೆ ಎಲ್ಲ ಮಾಹಿತಿ ಸಿಕ್ಕಿ ಅನುಕೂಲವಾಯಿತೆಂದು ಸಾಲೊಮನ್ ಬೆಂಜಮಿನ್ ಮತ್ತಿತರರು 2007ರಲ್ಲಿ ವಾದಿಸಿದರು. ಮುಖ ಎಷ್ಟೇ ಪ್ರಾಮಾಣಿಕವಾಗಿರಲಿ, ಅದರ ಮುಂದೆ ಬಂದು ನಿಲ್ಲಬಲ್ಲವರು ಯಾರು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಪಹಣಿಯನ್ನು ಮನೆಯಿಂದಲೇ ನೋಡುವ ಕಾಲ ಬಂದಮೇಲೆ ಆ ಎರಡನೆಯ ಪರದೆ ಎಲ್ಲರ ಅಂಗೈಗೂ ಬಂದಂತಾಯಿತು. ಆದರೆ ಅಲ್ಲಿ ರೈತನ ಪಕ್ಕದಲ್ಲಿ ಸಿಬ್ಬಂದಿ ಇಲ್ಲ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಇವಿಷ್ಟನ್ನು ಯಾವ ರೈತನೂ ನಿದ್ದೆಯಲ್ಲೂ ಹೇಳಬಲ್ಲ. ಅದಾದಮೇಲೆ 'ಸರ್ನೋಕ್' ಎಂಬ ಪದ ಎದುರಾಗುತ್ತದೆ. ಅದನ್ನು ಒತ್ತಿದರೆ ಬಹುಮಟ್ಟಿಗೆ ಒಂದು ನಕ್ಷತ್ರದ ಗುರುತು ಮಾತ್ರ ಕಾಣುತ್ತದೆ. ಅದನ್ನೇ ಆರಿಸಬೇಕು. ಆಯ್ಕೆ ಒಂದೇ ಇರುವಲ್ಲಿ ಆರಿಸೆಂದು ಕೇಳುವುದೇಕೆ, ಯಂತ್ರವೇ ಆರಿಸಿಕೊಳ್ಳಬಾರದೆ? ದಾಖಲೆಯ ಒಳರಚನೆಗೆ ಬೇಕಾದ ಸಂಗತಿಯೊಂದು ಹೊರಬಾಗಿಲಿಗೆ ಬಂದು ಕುಳಿತಿದೆ. ಟ್ಯಾಲಿ ಕಿತ್ತುಹಾಕಿದ ಸಂಕೇತ ಸಂಖ್ಯೆಯ ದಾಯಾದಿ ಇದು.

ಅಜ್ಜಂಪುರದವರ ತೊಂದರೆ ಬೇರೆ ಬಗೆಯದು. ಹಿಂದೆ ತರೀಕೆರೆ ತಾಲ್ಲೂಕಿನಲ್ಲಿದ್ದ ಆ ಊರು ಈಗ ತಾನೇ ಒಂದು ತಾಲ್ಲೂಕು. ಆದರೆ ತಲೆಮಾರುಗಳಿಂದ ಅರ್ಜಿಯಲ್ಲಿ ತರೀಕೆರೆ ತಾಲ್ಲೂಕು ಎಂದೇ ಬರೆದ ಕೈ ಈಗಲೂ ಅದನ್ನೇ ಬರೆಯುತ್ತದೆ. ಹಳೆಯ ಕ್ರಯಪತ್ರದಲ್ಲಿರುವುದೂ ಅದೇ. ಪಟ್ಟಿ ಬದಲಾದ ದಿನವೇ ಮನಸ್ಸು ಬದಲಾಗದು. ಹಳೆಯ ಹೆಸರಿನಲ್ಲಿ ಹುಡುಕಿದವನಿಗೆ 'ಮಾಹಿತಿ ಲಭ್ಯವಿಲ್ಲ' ಎಂದು ಉತ್ತರಿಸುವುದು ಒಂದು ರೀತಿ. 'ಈ ಗ್ರಾಮ ಈಗ ಅಜ್ಜಂಪುರ ತಾಲ್ಲೂಕಿನಲ್ಲಿದೆ, ಅಲ್ಲಿ ತೋರಿಸಲೇ?' ಎಂದು ಕೇಳುವುದು ಇನ್ನೊಂದು ರೀತಿ. ಮೊದಲ ಉತ್ತರ ಸುಳ್ಳಲ್ಲ. ಆದರೆ ವಿಳಾಸ ಕೇಳಿದ ದಾರಿಹೋಕನಿಗೆ 'ಇಲ್ಲಿಲ್ಲ' ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಂತೆ ಅದು.

ಭಾಷೆಯ ಬಗ್ಗೆ ಒಂದೇ ಮಾತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮ, ಅದನ್ನು ಅನುಸರಿಸಿದ ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ಇವುಗಳಿಂದ ಇಂಗ್ಲಿಷ್ ಕೀಲಿಮಣೆಯಲ್ಲೇ ಉಚ್ಚಾರದ ಜಾಡು ಹಿಡಿದು ಕನ್ನಡ ಬರೆಯುವುದು ಸುಲಭವಾಯಿತು. ಅಕ್ಷರ ಕನ್ನಡವಾದರೆ ಸಾಲದು, ಮಾತೂ ಕನ್ನಡವಾಗಬೇಕು. ನಿಘಂಟಿನಿಂದ ಹೆಕ್ಕಿದ ಪದಗಳಿಂದ ತುಂಬಿದ ಕನ್ನಡದ ಪರದೆಯನ್ನು ಬಿಟ್ಟು ಇಂಗ್ಲಿಷಿಗೆ ಹೋಗುವ ರೈತರ ಮಕ್ಕಳು ಇದ್ದಾರೆ. ಅವರನ್ನು ದೂರುವುದು ಹೇಗೆ?

ಇಷ್ಟು ಹೊತ್ತು ಹೇಳಿದ್ದು ಅರಿಯದೆ ಆಗುವ ದೋಷಗಳ ಮಾತು. ಅರಿತೇ ಮಾಡುವವರ ಬಗೆ ಬೇರೆ. ಬೇಡವೆನ್ನುವ ಗುಂಡಿಯನ್ನು ಬೂದುಬಣ್ಣದಲ್ಲಿ ಮರೆಮಾಡುವುದು, ಕೊಳ್ಳದ ವಸ್ತುವನ್ನು ಬುಟ್ಟಿಯಲ್ಲಿ ತಾನೇ ಸೇರಿಸಿಡುವುದು, ಇನ್ನು ಎರಡೇ ಉಳಿದಿವೆಯೆಂದು ಸುಳ್ಳು ಅವಸರ ಹುಟ್ಟಿಸುವುದು, ಸೇರುವುದಕ್ಕೆ ಒಂದು ಹೆಜ್ಜೆ ಬಿಡುವುದಕ್ಕೆ ಹತ್ತು ಹೆಜ್ಜೆ ಇರಿಸುವುದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಇಂತಹ 13 ಬಗೆಗಳನ್ನು ಹೆಸರಿಸಿ ನಿಷೇಧಿಸುವ ಮಾರ್ಗಸೂಚಿ ಹೊರಡಿಸಿತು. ಅಚೌರ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಹೀನಾಧಿಕ ಮಾನೋನ್ಮಾನವನ್ನೂ ಪ್ರತಿರೂಪಕ ವ್ಯವಹಾರವನ್ನೂ ಸೇರಿಸಿದ ಆಚಾರ್ಯರಿಗೆ ಈ ಹದಿಮೂರನ್ನು ಯಾವ ಸಾಲಿನಲ್ಲಿ ಇಡಬೇಕೆಂಬ ಸಂದೇಹ ಬರುತ್ತಿರಲಿಲ್ಲ. ತೂಕದ ಕಲ್ಲು ಸರಿಯಿದ್ದು ಮುಳ್ಳನ್ನು ಮಾತ್ರ ಮರೆಮಾಡಿದರೂ ಅದು ಕಳ್ಳತೂಕವೇ.

ಕಡೂರಿನ ಹಿರಿಯರು ಕಳೆದ ಬೇಸಿಗೆಯಲ್ಲಿ ಅಜ್ಜಂಪುರದ ಕಡೆಯ ಒಬ್ಬ ಈರುಳ್ಳಿ ಬೆಳೆಗಾರನೊಡನೆ ತರೀಕೆರೆಗೆ ಹೊರಟಿದ್ದರು. ಇಬ್ಬರಿಗೂ ಐವತ್ತು ವರ್ಷಗಳ ಪರಿಚಯ. ಜಮೀನಿನ ಪಾಲಿನ ಅರ್ಜಿಯೊಂದನ್ನು ಗಣಕದಲ್ಲಿ ತುಂಬಿಸಬೇಕಾಗಿದ್ದುದರಿಂದ ದಾರಿಯಲ್ಲಿ ಸಿಕ್ಕ ಒಂದು ಖಾಸಗಿ ಸೇವಾ ಕೇಂದ್ರಕ್ಕೆ ಹೋದರು. ಯುವಕನೊಬ್ಬ ಪರದೆಯನ್ನು ತನ್ನ ಕಡೆಗೆ ಇಟ್ಟುಕೊಂಡು ವೇಗವಾಗಿ ಕೇಳುತ್ತ, ವೇಗವಾಗಿ ಒತ್ತುತ್ತಿದ್ದ. ಬೆಳೆಗಾರ ಕೈಕಟ್ಟಿ ನಿಂತು ಪ್ರತಿಯೊಂದಕ್ಕೂ ಹೌದೆನ್ನುತ್ತಿದ್ದ. ಇನ್ನೇನು ಕೊನೆಯ ಗುಂಡಿ ಒತ್ತಬೇಕೆನ್ನುವಾಗ ಹಿರಿಯರು, "ತಮ್ಮಾ, ಆ ಪರದೆ ಸ್ವಲ್ಪ ಈ ಕಡೆ ತಿರುಗಿಸಪ್ಪ, ಅವರೂ ಒಂದ್ಸಲ ನೋಡ್ಲಿ" ಎಂದರು.

ಹುಡುಗನಿಗೆ ಆಶ್ಚರ್ಯವಾಯಿತು. ತಂತಿ ಗಿಡ್ಡವಾಗಿದ್ದುದರಿಂದ ಮೇಜನ್ನೇ ಒಂದಿಷ್ಟು ಸರಿಸಬೇಕಾಯಿತು. ಬೆಳೆಗಾರ ಕನ್ನಡಕ ಒರೆಸಿಕೊಂಡು, ಗಾಜಿನ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರವನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಓದತೊಡಗಿದ. ಹಿಂದೆ ಕಾಯುತ್ತಿದ್ದವರು ಗೊಣಗಿದರು. ಮೂರನೆಯ ಸಾಲಿನಲ್ಲಿ ಬೆರಳು ನಿಂತಿತು.

"ಇದು ನಮ್ಮಪ್ಪನ ಹೆಸ್ರಲ್ಲ ಕಣಪ್ಪ. ನಮ್ಮ ದೊಡ್ಡಪ್ಪಂದು."

ಹುಡುಗ ಮೌಸಿನಿಂದ ಕೈ ತೆಗೆದ.